ಕೈ ಕಟ್, ಬಾಯ್ ಮುಚ್: ಇಂಗ್ಲೆಂಡಿನ ಪ್ರೈಮರಿ ಸ್ಕೂಲಲ್ಲಿ ನನ್ನ ಹದಿನೆಂಟು ತಿಂಗಳು

ನವೆಂಬರಲ್ಲಿ ಇಂಗ್ಲೆಂಡಲ್ಲಿ ನಾವಿರೋ ಊರಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದಾಗ ಊಟಕ್ಕೆ ಮುಂಚೆ ಅರ್ಧ ಗಂಟೆ ಮಾತಾಡೋಕೆ ನನ್ನ ಕರೆದಿದ್ರು. ಆಮೇಲೆ ಮೂರು ಜನ ಅದನ್ನ ಬರೆದು ಕೊಡಿ ಅಂದ್ರು. ಮಾತಾಡಿದ್ದನ್ನೇ ಹೆಚ್ಚು ಕಮ್ಮಿ ಹಾಗೇ ಬರೆದಿದೀನಿ, ಮಧ್ಯೆ ಮೈಕ್ ಕೈಕೊಟ್ಟಿದ್ದು ಒಂದು ಬಿಟ್ಟು.

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತ್ ವಾಸನೆ ಇಲ್ಲಿವರ್ಗೂ ಬರ್ತಿದೆ, ನಂಗೂ ಹಸಿವಾಗಿದೆ, ಹಾಗಾಗಿ ಜಾಸ್ತಿ ಎಳೆಯಲ್ಲ. ಇಲ್ಲಿ ಕೂತಿರೋ ಅಕ್ಕಂದಿರಲ್ಲಿ ಸುಮಾರು ಜನ ನನ್ನ ಥರಾನೇ, ಗಂಡನ ಕೆಲಸದ ಜೊತೆ ಬಂದವ್ರು, ಮಕ್ಕಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಬೆಳಗ್ಗೆ ಒಂಬತ್ತರಿಂದ ಮೂರರವರೆಗೆ ಗೋಡೆ ನೋಡ್ಕೊಂಡು ಕೂತವ್ರು. ನಾನು ಮೈಸೂರಲ್ಲಿ ಬಿಕಾಂ ಮಾಡಿ ಐದು ವರ್ಷ ಅಕೌಂಟ್ಸಲ್ಲಿ ಕೆಲಸ ಮಾಡಿದ್ದೆ, 2019ರಲ್ಲಿ ಇಲ್ಲಿಗೆ ಬಂದೆ, 2023ರ ಸೆಪ್ಟೆಂಬರಲ್ಲಿ ಪ್ರೈಮರಿ ಸ್ಕೂಲೊಂದ್ರಲ್ಲಿ ಟೀಚಿಂಗ್ ಅಸಿಸ್ಟೆಂಟ್ ಅಪ್ರೆಂಟಿಸ್ ಆಗಿ ಸೇರ್ಕೊಂಡೆ, ಅಂದ್ರೆ ಕ್ಲಾಸ್ ಟೀಚರಿಗೆ ಸಹಾಯ ಮಾಡೋ ಕೆಲಸಾನ ಮಾಡ್ತಾ ಮಾಡ್ತಾನೇ ಕಲಿಯೋದು. ಆಗ ನಂಗೆ ಮೂವತ್ತಾರು ವರ್ಷ. ಅಪ್ರೆಂಟಿಸ್ ಅಂದ ತಕ್ಷಣ ನಮ್ಮ ತಲೇಲಿ ಐಟಿಐ ಹುಡುಗ್ರು, ಗ್ಯಾರೇಜು, ಕೈಗೆ ಗ್ರೀಸು. ನಮ್ಮ ಅಮ್ಮನಿಗೆ ಫೋನಲ್ಲಿ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ, ಆಮೇಲೆ "ಅಂದ್ರೆ ಆಯಾ ಕೆಲ್ಸಾನಾ?" ಅಂದ್ರು.

ಅಮ್ಮ ಕೇಳಿದ್ದು ಪೂರ್ತಿ ತಪ್ಪಲ್ಲ. ಮೂಗು ಒರೆಸ್ತೀನಿ, ಚಡ್ಡಿ ಒದ್ದೆ ಮಾಡ್ಕೊಂಡವರಿಗೆ ಬೇರೆ ಬಟ್ಟೆ ಕೊಡ್ತೀನಿ, ಪೇಂಟ್ ಡಬ್ಬಿ ತೊಳೀತೀನಿ, ಲ್ಯಾಮಿನೇಟ್ ಮಾಡ್ತೀನಿ. ಲ್ಯಾಮಿನೇಟ್ ಅಂದ್ರೆ ಎಷ್ಟು ಅಂತೀರಾ, ಈ ದೇಶದಲ್ಲಿ ಪ್ರೈಮರಿ ಸ್ಕೂಲು ನಡೀತಿರೋದೇ ಲ್ಯಾಮಿನೇಷನ್ ಮೆಷಿನ್ ಮೇಲೆ ಅಂತ ನಂಗೆ ಅನುಮಾನ. ಆದ್ರೆ ಅದಷ್ಟೇ ಆಗಿದ್ರೆ ಕಲಿಯೋಕೆ ಹದಿನೆಂಟು ತಿಂಗಳು ಯಾಕೆ ಬೇಕು? ನಂಗೆ ಬೇಕಾಯ್ತು. ಯಾಕಂದ್ರೆ ನಾನು ಕಲಿಬೇಕಿದ್ದಿದ್ದು ಕೆಲಸ ಮಾಡೋದನ್ನಲ್ಲ, ಮಾಡದೇ ಇರೋದನ್ನ.

ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ನಮ್ಮ ದೊಡ್ಡಮ್ಮ ತಿ. ನರಸೀಪುರದ ಹತ್ರ ಅಂಗನವಾಡಿ ಟೀಚರ್ ಆಗಿದ್ರು. 1975ರಲ್ಲಿ ಐಸಿಡಿಎಸ್, ಅಂದ್ರೆ ಅಂಗನವಾಡಿಗಳನ್ನ ನಡೆಸೋ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡಿದ್ದೇ ನಮ್ಮ ನರಸೀಪುರವನ್ನ, ಆ ಕಡೆಯವ್ರಿಗೆ ಅದರ ಬಗ್ಗೆ ಸ್ವಲ್ಪ ಜಂಬಾನೂ ಇದೆ. ರಜೇಲಿ ಹೋದಾಗ ದೊಡ್ಡಮ್ಮನ ಜೊತೆ ನಾನೂ ಹೋಗಿ ಕೂರ್ತಿದ್ದೆ. ಒಂದೇ ರೂಮು, ಮಕ್ಕಳೆಲ್ಲ ಚಾಪೆ ಮೇಲೆ, ದೊಡ್ಡಮ್ಮ ಒಂದು ಕೈಯಲ್ಲಿ ಉಪ್ಪಿಟ್ಟು ಬಡಿಸ್ತಾ ಇನ್ನೊಂದು ಕೈಯಲ್ಲಿ ಯಾರದೋ ಲಂಗ ಸರಿ ಮಾಡ್ತಾ, ಗಲಾಟೆ ಜಾಸ್ತಿ ಆದ್ರೆ "ಕೈ ಕಟ್, ಬಾಯ್ ಮುಚ್!" ಅಂತ ಒಂದು ಕೂಗು, ಎಲ್ಲ ಗಪ್‌ಚುಪ್. ಮಕ್ಕಳನ್ನ ನೋಡ್ಕೊಳ್ಳೋದು ಅಂದ್ರೆ ನಂಗೆ ಗೊತ್ತಿದ್ದಿದ್ದು ಅದು. ಮಗು ಕೈ ಕಟ್ಬೇಕು, ದೊಡ್ಡವ್ರ ಕೈ ನಿಲ್ಲಬಾರ್ದು.

ಇಲ್ಲಿ ನನ್ನ ಹಾಕಿದ್ದು ರಿಸೆಪ್ಷನ್ ಕ್ಲಾಸಿಗೆ, ನಾಲ್ಕು ಐದು ವರ್ಷದ ಮಕ್ಕಳು. ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಜಾಸ್ತಿ ಇರಬಾರ್ದು ಅಂತ ಕಾನೂನೇ ಇದೆ, ನಮ್ಮಲ್ಲಿ ಸರಿಯಾಗಿ 30 ಇದ್ರು. ಮೊದಲನೇ ವಾರ ಆಟಕ್ಕೆ ಹೊರಗೆ ಬಿಡೋ ಟೈಮು, ಒಬ್ಬ ಸಣ್ಣ ಹುಡುಗ ಕೋಟಿನ ಜಿಪ್ ಜೊತೆ ಒದ್ದಾಡ್ತಿದ್ದ. ನಾನು ಸುಮ್ನಿರ್ತೀನಾ, ಮಂಡಿ ಊರಿ ಕೂತು ಸರ್ರಂತ ಎಳೆದೆ, ಟೋಪಿ ಹಾಕ್ದೆ, ಕೆನ್ನೆ ಮುಟ್ಟಿ ಕಳಿಸ್ದೆ. ಪಕ್ಕದವನಿಗೂ ಎಳೆದೆ. ಹತ್ತು ಕೋಟು ಎರಡೇ ನಿಮಿಷ, ನಂಗೇ ಖುಷಿ, ಎಷ್ಟು ಚುರುಕು ನಾನು ಅಂತ. ಗುರುವಾರದ ಹೊತ್ತಿಗೆ ಏನಾಯ್ತು ಗೊತ್ತಾ, ಆ ಹುಡುಗ ಕೋಟು ತಗೊಂಡು ಬಂದು ನನ್ನ ಮುಂದೆ ಎರಡೂ ಕೈ ಅಗಲ ಮಾಡಿ ನಿಂತ್ಕೊಂಡ, ದರ್ಜಿ ಮುಂದೆ ಅಳತೆ ಕೊಡೋಕೆ ನಿಂತ ಮದುಮಗನ ಹಾಗೆ. ಜಿಪ್ ಕಡೆ ನೋಡ್ತಾನೂ ಇಲ್ಲ. ಅವನ ಹಿಂದೆ ಇನ್ನೂ ನಾಲ್ಕು ಜನ ಕ್ಯೂ.

ಕ್ಲಾಸ್ ಟೀಚರ್ ನೋಡ್ತಿದ್ರು. ಬೈಲಿಲ್ಲ. ಮಕ್ಕಳು ಹೋದ ಮೇಲೆ ನನ್ನ ಹತ್ರ ಬಂದು, ನಾಳೆಯಿಂದ ಕೋಟ್ ಟೈಮಲ್ಲಿ ನಿಮ್ಮ ಕೈ ಬೆನ್ನ ಹಿಂದೆ ಇರ್ಲಿ, ಬೇಕಾದ್ರೆ ನಿಮ್ಮ ಕೈಯನ್ನ ನೀವೇ ಹಿಡ್ಕೊಳ್ಳಿ, ಅಂದ್ರು. ನಂಗೆ ನಗು ಬಂತು. ದೊಡ್ಡಮ್ಮನ ಕೈ ಕಟ್ ಬಾಯ್ ಮುಚ್ ಸಾವಿರಾರು ಮೈಲಿ ದಾಟಿ ಬಂದು ನನಗೇ ಗಂಟು ಬಿದ್ದಿತ್ತು.

ಆಮೇಲೆ ಅವ್ರು ಒಂದು ಉಪಾಯ ಹೇಳ್ಕೊಟ್ರು, ಇದನ್ನ ನೀವು ಇವತ್ತೇ ಮನೇಲಿ ಟ್ರೈ ಮಾಡ್ಬಹುದು. ಕೋಟನ್ನ ನೆಲದ ಮೇಲೆ ಬಿಚ್ಚಿ ಹರಡಿ, ಒಳಗಿನ ಭಾಗ ಮೇಲೆ ಬರೋ ಹಾಗೆ, ಟೋಪಿ ಮಗುವಿನ ಕಾಲ್ಬೆರಳ ಕಡೆ ಇರ್ಬೇಕು. ಮಗು ಬಗ್ಗಿ ಎರಡೂ ತೋಳಿಗೆ ಕೈ ಹಾಕಿ ಒಂದೇ ಸಲ ತಲೆ ಮೇಲಿಂದ ಹಿಂದಕ್ಕೆ ಎಸೆದ್ರೆ ಕೋಟು ತಾನಾಗೇ ಮೈಮೇಲೆ ಬಂದು ಕೂರುತ್ತೆ. ಮೂರು ವರ್ಷದ ಮಗೂಗೂ ಬರುತ್ತೆ. ಜಿಪ್ ಮಾತ್ರ ಟೈಮ್ ತಗೊಳ್ಳುತ್ತೆ, ಆ ಹುಡುಗ ಮೊದಲನೇ ದಿನ ನಾಲ್ಕು ನಿಮಿಷ ತಗೊಂಡ, ಅಷ್ಟೂ ಹೊತ್ತು ನಾನು ಬೆನ್ನ ಹಿಂದೆ ನನ್ನ ಉಗುರು ನಾನೇ ಚುಚ್ಕೊಂಡು ನಿಂತಿದ್ದೆ. ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟು ಬೆಳೆಸಿದ ಕೈ ಅಲ್ವಾ, ಅದಕ್ಕೆ ಸುಮ್ನೆ ಇರೋದು ಬರಲ್ಲ.

ಇದು ಬರೀ ಕೋಟಿನ ವಿಷಯ ಅಂದ್ಕೊಂಡಿದ್ದೆ. ಟ್ರೈನಿಂಗಲ್ಲಿ ಒಂದು ಸ್ಟಡಿ ಬಗ್ಗೆ ಓದಿಸಿದ್ರು, ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್‌ನ ಪೀಟರ್ ಬ್ಲಾಚ್‌ಫೋರ್ಡ್ ಮತ್ತವರ ತಂಡ ಸುಮಾರು ವರ್ಷ ಸ್ಕೂಲುಗಳನ್ನ ನೋಡಿ 2009ರಲ್ಲಿ ಹೊರತಂದಿದ್ದು. ಅದ್ರಲ್ಲಿ ಬಂದ ಉತ್ತರ ನೋಡಿ ನಂಗೆ ಶಾಕ್, ಟಿಎ, ಅಂದ್ರೆ ಟೀಚಿಂಗ್ ಅಸಿಸ್ಟೆಂಟ್ ಸಹಾಯ ಜಾಸ್ತಿ ಸಿಕ್ಕ ಮಕ್ಕಳು, ಅವರಂಥವೇ ಆದ್ರೆ ಸಹಾಯ ಕಮ್ಮಿ ಸಿಕ್ಕ ಮಕ್ಕಳಿಗಿಂತ ಓದಲ್ಲಿ ಹಿಂದೆ ಬಿದ್ದಿದ್ರು. ಟಿಎಗಳು ಕೆಟ್ಟವ್ರು ಅಂತಲ್ಲ. ಅವ್ರಿಗೆ ಟೀಚರ್ ಜೊತೆ ಕೂತು ಪಾಠದ ಬಗ್ಗೆ ಮಾತಾಡೋಕೆ ಟೈಮ್ ಕೊಟ್ಟಿರ್ಲಿಲ್ಲ, ಹಿಂದುಳಿದ ಮಕ್ಕಳನ್ನ ಅವ್ರ ಹತ್ರ ತಳ್ಳಿ ಟೀಚರ್ ಬೇರೆಯವ್ರನ್ನ ನೋಡ್ಕೋತಿದ್ರು, ಟಿಎ ಪಾಪ ಹೆಂಗೋ ಕೆಲಸ ಮುಗಿಸಿ ಶೀಟ್ ತುಂಬಿಸಿಬಿಟ್ರೆ ಸಾಕು ಅಂತ ಉತ್ತರ ತಾವೇ ಹೇಳ್ಕೊಡ್ತಿದ್ರು. ನಾನು ಜಿಪ್ ಎಳೆದ ಹಾಗೆ. ಮಗುವಿಗೆ ಅಂಟ್ಕೊಂಡೇ ಇರೋ ಟಿಎಗೆ ಇಲ್ಲಿ ಸ್ಟಾಫ್ ರೂಮಲ್ಲಿ ವೆಲ್ಕ್ರೋ ಟಿಎ ಅಂತಾರೆ, ನಗ್ತಾ ಅಂತಾರೆ, ಆದ್ರೆ ಹೊಗಳಿಕೆ ಅಲ್ಲ.

ಹಾಗಾಗಿ ನಮಗೆ ಕಲಿಸೋದು ಒಂದು ಏಣಿ ಥರ. ಮಗು ಪದ ಬರೆಯೋವಾಗ ಸಿಕ್ಕಾಕೊಂಡ್ರೆ ಮೊದಲು ಸುಮ್ನಿರಿ, ಬಾಯಿ ಮುಚ್ಕೊಂಡು ಮನಸ್ಸಲ್ಲೇ ಹತ್ತು ಎಣಿಸಿ. ಎಷ್ಟೋ ಸಲ ಏಳಕ್ಕೇ ಮಗು ಬರೆದಿರುತ್ತೆ. ಆಗ್ಲಿಲ್ಲ ಅಂದ್ರೆ "ಮುಂದೆ ಏನ್ಮಾಡ್ಬೇಕು ಈಗ?" ಅಂತ ಕೇಳಿ. ಆಗ್ಲೂ ಆಗ್ಲಿಲ್ಲ ಅಂದ್ರೆ ಒಂದು ಸುಳಿವು, "ಆ ಸೌಂಡು ಗೋಡೆ ಮೇಲೆ ಎಲ್ಲೋ ಇತ್ತಲ್ವಾ". ಅದಾದ್ಮೇಲೆ ನೀವು ಬರೆದು ತೋರ್ಸಿ, ಅಳಿಸಿ, ಮಗು ಬರೀಲಿ. ಉತ್ತರ ಹೇಳೋದು ಕಟ್ಟಕಡೆಗೆ. ನಾನು ಮೊದಲ ಮೂರು ತಿಂಗಳು ಈ ಏಣೀನ ಉಲ್ಟಾ ಹತ್ತುತಿದ್ದೆ.

ಈಗ ಫೋನಿಕ್ಸ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಕನ್ನಡದವಳಾಗಿ ನಂಗೆ ಜಾಸ್ತಿ ಪೆಟ್ಟು ಬಿದ್ದಿದ್ದೂ ಅಲ್ಲೇ, ಕೊನೆಗೆ ಗೆದ್ದಿದ್ದೂ ಅಲ್ಲೇ. ಇಲ್ಲಿ ಮಕ್ಕಳಿಗೆ ಎ ಬಿ ಸಿ ಡಿ ಹೆಸರು ಮೊದಲು ಕಲಿಸಲ್ಲ, ಸೌಂಡ್ ಕಲಿಸ್ತಾರೆ, ಸಾಮಾನ್ಯವಾಗಿ ಶುರು ಮಾಡೋದು ಎಸ್, ಎ, ಟಿ, ಪಿ ಅಕ್ಷರಗಳ ಸೌಂಡಿಂದ, ಅಷ್ಟರಲ್ಲೇ ಪುಟ್ಟ ಪುಟ್ಟ ಪದ ಓದೋಕೆ ಬಂದುಬಿಡುತ್ತೆ. ನಾನು ಮ್ಯಾಟ್ ಅಂತ ಓದಿಸೋಕೆ ಹೋಗಿ "ಮ, ಆ್ಯ, ಟ" ಅಂದೆ. ಮಗು ಸೇರಿಸಿ "ಮಆ್ಯಟ" ಅಂತು. ಇನ್ನೊಂದು ಸಲ ಹೇಳ್ದೆ, ಮತ್ತೆ "ಮಆ್ಯಟ". ಟೀಚರ್ ಆಚೆಯಿಂದ, ಕೊನೇಲಿ ಬರೋ ಆ "ಅ" ಕತ್ತರಿಸಿ ಹಾಕಿ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ನಾನು ಎಲ್ಲಿ "ಅ" ಹಾಕ್ದೆ? ರಾತ್ರಿ ಪಾತ್ರೆ ತೊಳೀತಾ ಇದ್ದಾಗ ತಟ್ಟಂತ ಹೊಳೀತು. ನಮ್ಮ "ಮ" ಒಳಗೆ "ಅ" ಕೂತಿದೆ ಅಲ್ವಾ! ಮ್ ಪ್ಲಸ್ ಅ, ಮ. ಎರಡನೇ ಕ್ಲಾಸಲ್ಲಿ ಕಾಗುಣಿತ ಬಾಯಿಪಾಠ ಮಾಡಿದ್ವಲ್ಲ, ಅದೇ. ಇವ್ರಿಗೆ ಬೇಕಿರೋದು ಬರೀ ಮ್, ಬರೀ ಟ್, ಸ್ವರ ಸೇರದ ವ್ಯಂಜನ. ಮಾರನೇ ದಿನ ನನ್ನ ನೋಟ್‌ಬುಕ್ಕಲ್ಲಿ ಎಲ್ಲ ಸೌಂಡನ್ನೂ ಕನ್ನಡದಲ್ಲಿ ಅರ್ಧಾಕ್ಷರ ಹಾಕಿ ಬರ್ಕೊಂಡೆ, ಮ್ ಟ್ ಪ್ ನ್, ಅದನ್ನ ನೋಡ್ಕೊಂಡು ಹೇಳ್ದೆ, ಮಗು ಮೊದಲನೇ ಸಲಕ್ಕೇ "ಮ್ಯಾಟ್!" ಅಂತ ಕಿರುಚ್ತು. ಇಂಗ್ಲಿಷಿನವ್ರೇ ಎಷ್ಟೋ ಜನಕ್ಕೆ ಈ "ಅ" ಬಿಡೋಕೆ ಕಷ್ಟ, ಅವ್ರಿಗೆ ಅದನ್ನ ಬರೆದು ತೋರಿಸೋ ಚಿಹ್ನೇನೇ ಇಲ್ಲ. ನಮಗಿದೆ. ನನ್ನ ನೋಟ್‌ಬುಕ್ ನೋಡಿ ಟೀಚರ್ ಫೋಟೋ ಹೊಡ್ಕೊಂಡ್ರು.

ಅದೇ ವಾರ ಇನ್ನೊಂದು ಕಡೆ ಬಿದ್ದೆ. ಮಳೆ ಬಂದ್ರೆ ಮಕ್ಕಳನ್ನ ಹೊರಗೆ ಬಿಡದೆ ಕ್ಲಾಸಲ್ಲೇ ಆಡಿಸ್ತಾರೆ, ಅದಕ್ಕೆ ವೆಟ್ ಪ್ಲೇ ಅಂತಾರೆ. ನಾನು ಜೋರಾಗಿ "ಇವತ್ತು ವೆಟ್ ಪ್ಲೇ" ಅಂತ ಅನೌನ್ಸ್ ಮಾಡ್ದೆ. ಇಬ್ಬರು ಹುಡುಗೀರು ಓಡಿ ಹೋಗಿ ಗೊಂಬೆ ನಾಯಿಗೆ ಬ್ಯಾಂಡೇಜ್ ಕಟ್ಟೋಕೆ ಶುರು ಮಾಡಿದ್ರು. ಒದ್ದೆ ಅನ್ನೋ ವೆಟ್ಟಿಗೂ ದನದ ಡಾಕ್ಟ್ರು ಅನ್ನೋ ವೆಟ್ಟಿಗೂ ನಾನು ಒಂದೇ ಥರ ಹೇಳ್ತೀನಂತೆ. ನೋಡಿ, ಕನ್ನಡದಲ್ಲಿ ಬರೆದ್ರೂ ಎರಡೂ ಒಂದೇ, ನನ್ನ ಪ್ರಾಬ್ಲಂ ಇರೋದೇ ಅಲ್ಲಿ. ಒಂದಕ್ಕೆ ತುಟಿ ಗುಂಡಗೆ ಮಾಡ್ಬೇಕು, ಇನ್ನೊಂದಕ್ಕೆ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದೀನಿ, ನನ್ನ ಮಗಳು ಪಕ್ಕದಲ್ಲಿ ನಿಂತು ಮಾರ್ಕ್ಸ್ ಕೊಟ್ಟಿದಾಳೆ. ರಿಸೆಪ್ಷನ್ ಮುಗಿಸಿದ ಇಯರ್ ಒನ್ ಮಕ್ಕಳಿಗೆ ಜೂನಲ್ಲಿ ಫೋನಿಕ್ಸ್ ಚೆಕ್ ಅಂತ ಇರುತ್ತೆ, 2012ರಿಂದ ನಡೀತಿದೆ, 40 ಪದ, ಅದ್ರಲ್ಲಿ 20 ಅರ್ಥಾನೇ ಇಲ್ಲದ ಸುಳ್ಳು ಪದ, ಮಗು ಬಾಯಿಪಾಠ ಮಾಡಿಲ್ಲ, ನಿಜವಾಗ್ಲೂ ಸೌಂಡ್ ಸೇರಿಸಿ ಓದ್ತಿದೆ ಅಂತ ತಿಳ್ಕೊಳ್ಳೋಕೆ. ನಿಮ್ಮ ಮಕ್ಕಳು ಮನೆಗೆ ವಿಚಿತ್ರ ಪ್ರಾಣಿ ಚಿತ್ರದ ಜೊತೆ ಅರ್ಥ ಇಲ್ಲದ ಪದ ತಂದ್ರೆ ಸ್ಕೂಲಿಗೆ ಫೋನ್ ಮಾಡಿ ಸ್ಪೆಲಿಂಗ್ ತಪ್ಪಿದೆ ಅನ್ಬೇಡಿ. ನಾನು ಅಂದಿದ್ದೆ, ನನ್ನ ಮಗಳ ಟೈಮಲ್ಲಿ.

ಇನ್ನು ಬಾಯ್ ಮುಚ್ ಅನ್ನೋದಕ್ಕೆ ಇನ್ನೊಂದು ಅರ್ಥಾನೂ ಇದೆ, ಇದು ಸೀರಿಯಸ್. ಸೇರೋಕೆ ಮುಂಚೆ ಡಿಬಿಎಸ್ ಚೆಕ್ ಆಗುತ್ತೆ, ಪೊಲೀಸ್ ರೆಕಾರ್ಡ್ ನೋಡೋದು, ನಾವು ಬೇರೆ ದೇಶದಿಂದ ಬಂದವ್ರಾದ್ರಿಂದ ಅಲ್ಲಿನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟೂ ಕೇಳಬಹುದು, ನಂಗೆ ಕೇಳಿದ್ರು, ಅದಕ್ಕೇ ಒಂದಷ್ಟು ವಾರ ಹೋಯ್ತು, ಮುಂಚೆನೇ ಶುರು ಮಾಡಿ. ಆಮೇಲೆ ಮಕ್ಕಳ ಸುರಕ್ಷತೆ ಬಗ್ಗೆ ಸರ್ಕಾರದ ಗೈಡೆನ್ಸ್ ಓದ್ಬೇಕು. ಇಂಟರ್‌ವ್ಯೂನಲ್ಲಿ ಈ ಪ್ರಶ್ನೆ ಕೇಳೇ ಕೇಳ್ತಾರೆ: ಒಂದು ಮಗು ಬಂದು, ಒಂದು ವಿಷಯ ಹೇಳ್ತೀನಿ ಯಾರಿಗೂ ಹೇಳ್ಬೇಡಿ ಮಿಸ್ ಅಂದ್ರೆ ಏನ್ಮಾಡ್ತೀರಿ? ನಮ್ಮ ಬಾಯಿಗೆ ತಕ್ಷಣ ಬರೋದು "ಹೇಳಲ್ಲ ಕಂದ, ಪ್ರಾಮಿಸ್". ಹಾಗನ್ನಬಾರ್ದು. ಗುಟ್ಟು ಇಟ್ಕೊಳ್ಳೋಕಾಗಲ್ಲ, ನಿನ್ನ ಸೇಫಾಗಿಡೋಕೆ ಬೇಕಾದವ್ರಿಗೆ ಹೇಳ್ತೀನಿ ಅಂತ ನೇರವಾಗಿ ಹೇಳ್ಬೇಕು. ಅಪ್ಪ ಹೊಡೆದ್ರಾ ಅಂತ ನಾವೇ ಪ್ರಶ್ನೆ ಹುಟ್ಟಿಸಬಾರ್ದು. ಕೇಳಿಸ್ಕೊಂಡು, ಮಗು ಹೇಳಿದ ಮಾತನ್ನ ಹಾಗೇ ಬರೆದು, ಅವತ್ತೇ ಸ್ಕೂಲಲ್ಲಿ ಮಕ್ಕಳ ಸುರಕ್ಷತೆ ನೋಡ್ಕೊಳ್ಳೋ ಸೇಫ್‌ಗಾರ್ಡಿಂಗ್ ಲೀಡ್‌ಗೆ ತಲುಪಿಸ್ಬೇಕು. ಆಮೇಲೆ ಮನೇಲಿ ಗಂಡನಿಗೂ ಹೇಳೋ ಹಾಗಿಲ್ಲ. ಅಂಥ ದಿನ ನಂಗೂ ಬಂದಿದೆ, ಅದರ ಬಗ್ಗೆ ಇಲ್ಲಿ ಮಾತಾಡಲ್ಲ.

ಇದರ ಜೊತೆಗೇ ಇನ್ನೊಂದು. ದೇವಸ್ಥಾನದಲ್ಲಿ, ಅಂಗಡೀಲಿ ಸಿಕ್ಕಾಗ "ನಮ್ಮ ಹುಡುಗ ಹೆಂಗಿದಾನೆ ಕ್ಲಾಸಲ್ಲಿ, ಪಕ್ಕದ ಮನೆ ಹುಡುಗಿ ಅವನಿಗಿಂತ ಚೆನ್ನಾಗಿ ಓದ್ತಾಳಾ" ಅಂತ ದಯವಿಟ್ಟು ಕೇಳ್ಬೇಡಿ. ಕೇಳ್ದವ್ರು ಈ ಹಾಲಲ್ಲೇ ಇದೀರಿ, ನಗ್ತಿದೀರಿ, ಗೊತ್ತು.

ದುಡ್ಡಿನ ವಿಷಯ. ನಾನು ಸೇರಿದಾಗ ಅಪ್ರೆಂಟಿಸ್‌ಗೆ ಕನಿಷ್ಠ ಕೂಲಿ ಗಂಟೆಗೆ 5 ಪೌಂಡ್ 28 ಪೆನ್ಸ್, ನಂಗೆ ಅಷ್ಟೇ ಕೊಟ್ಟಿದ್ದು. ವಾರಕ್ಕೆ ಮೂವತ್ತೆರಡೂವರೆ ಗಂಟೆ, ಲೆಕ್ಕ ಹಾಕಿ, 171 ಪೌಂಡ್ ಚಿಲ್ಲರೆ, ಅದೂ ಟರ್ಮ್ ಟೈಮ್ ಮಾತ್ರ, ಅಂದ್ರೆ ರಜಾದಿನಗಳಿಗೆ ಪೂರ್ತಿ ಸಂಬಳ ಇಲ್ಲ, ವರ್ಷದ್ದನ್ನ ಹನ್ನೆರಡು ಭಾಗ ಮಾಡಿ ತಿಂಗಳು ತಿಂಗಳು ಕೊಡ್ತಾರೆ. ಇದನ್ನ ಯಾರೂ ಮೊದಲೇ ಬಿಡಿಸಿ ಹೇಳಲ್ಲ, ಮೊದಲನೇ ಪೇಸ್ಲಿಪ್ ನೋಡಿ ಅಳು ಬರುತ್ತೆ. 2025ರ ಏಪ್ರಿಲಲ್ಲಿ ಆ ರೇಟು 7 ಪೌಂಡ್ 55 ಆಯ್ತು. ಹತ್ತೊಂಬತ್ತು ದಾಟಿದವ್ರಾದ್ರೆ ಮೊದಲನೇ ವರ್ಷ ಮುಗಿದ ಮೇಲೆ ಅವ್ರ ವಯಸ್ಸಿನ ಮಾಮೂಲಿ ಕನಿಷ್ಠ ಕೂಲಿ ಕೊಡ್ಲೇಬೇಕು, ನಂಗೆ ಎರಡನೇ ವರ್ಷ 11 ಪೌಂಡ್ 44 ಆಯ್ತು. ಟ್ರೈನಿಂಗ್ ಫೀಸು ಮಾತ್ರ ನಾವು ಒಂದು ಪೈಸಾ ಕೊಡೋ ಹಾಗಿಲ್ಲ, ಅದು ಸರ್ಕಾರ ಮತ್ತು ಕೆಲಸ ಕೊಟ್ಟವ್ರ ಲೆಕ್ಕ. ಬಾಡಿಗೆ, ಸಾಲ ಎಲ್ಲ ಒಬ್ಬರ ಸಂಬಳದಲ್ಲಿ ನಡೀತಿದ್ರೆ ಮಾತ್ರ ಇದಕ್ಕೆ ಇಳೀರಿ, ಇಲ್ಲಾಂದ್ರೆ ಕಷ್ಟ. ಟಿಎಗಳಿಗೆ ಈ ದೇಶ ಕೊಡೋ ಸಂಬಳ ಕಮ್ಮಿ, ಅದನ್ನ ನಾನು ಸಕ್ಕರೆ ಹಚ್ಚಿ ಹೇಳೋಕೆ ಹೋಗಲ್ಲ.

ಯಾರು ಸೇರ್ಬಹುದು ಅಂದ್ರೆ, ವಯಸ್ಸಿಗೆ ಮೇಲಿನ ಮಿತಿ ಇಲ್ಲ, ಡಿಗ್ರಿ ಇದ್ರೂ ತೊಂದ್ರೆ ಇಲ್ಲ, ಕಲಿಯೋದು ಹೊಸದಾಗಿರ್ಬೇಕು ಅಷ್ಟೆ. ನಮ್ಮಂಥವ್ರು ಕೆಲಸ ಮಾಡೋ ಅನುಮತಿ ಇದ್ದು, ಇಲ್ಲಿಗೆ ಬಂದು ಮೂರು ವರ್ಷ ಆಗಿರ್ಬೇಕು. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನ ಟ್ರೈನಿಂಗ್ ಕೊಡೋರು ಒಪ್ಪಲಿಲ್ಲ, ಇಂಗ್ಲಿಷು ಮತ್ತು ಲೆಕ್ಕದ ಪರೀಕ್ಷೆ ಬರೀರಿ ಅಂದ್ರು. ಐದು ವರ್ಷ ಬ್ಯಾಲೆನ್ಸ್ ಶೀಟ್ ತಾಳೆ ಹಾಕಿದವಳು ಕೂತು ಭಿನ್ನರಾಶಿ ಮಾಡ್ದೆ. ಸಿಟ್ಟು ಬಂದಿತ್ತು, ಈಗ್ಲೂ ಸ್ವಲ್ಪ ಇದೆ, ಯಾಕಂದ್ರೆ 2025ರ ಫೆಬ್ರವರಿಯಿಂದ ಹತ್ತೊಂಬತ್ತು ದಾಟಿದವ್ರಿಗೆ ಆ ಪರೀಕ್ಷೆ ಕಡ್ಡಾಯ ಅಲ್ಲ ಅಂತ ಮಾಡ್ಬಿಟ್ರು, ನಾನು ಪಾಸ್ ಆದ್ಮೇಲೆ.

ಓದೋಕೆ ಅಂತಾನೇ ಕೆಲಸದ ಟೈಮಲ್ಲಿ ವಾರಕ್ಕೆ ಆರು ಗಂಟೆ ಬಿಟ್ಟುಕೊಡ್ಬೇಕು ಅನ್ನೋದು ನನ್ನ ಕಾಲದ ನಿಯಮ. ಕಾಗದದ ಮೇಲೆ. ಯಾರಾದ್ರೂ ರಜ ಹಾಕಿದ್ರೆ ಮೊದಲು ಹೋಗೋದು ಅಪ್ರೆಂಟಿಸ್‌ದೇ ಟೈಮು, "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಅಂತ. ಎರಡು ತಿಂಗಳು ಅಡ್ಜಸ್ಟ್ ಮಾಡ್ಕೊಂಡೆ, ಪೋರ್ಟ್‌ಫೋಲಿಯೋ, ಅಂದ್ರೆ ಮಾಡಿದ ಕೆಲಸದ ದಾಖಲೆಗಳ ಫೈಲು, ಹಿಂದೆ ಬಿತ್ತು, ಆಮೇಲೆ ಡೈರೀಲಿ ಕಳೆದುಹೋದ ಗಂಟೆಗಳನ್ನ ಬರೆದು ತೋರಿಸ್ದೆ, ಅಕೌಂಟ್ಸ್ ಬುದ್ಧಿ ಅಲ್ಲಿ ಕೆಲಸಕ್ಕೆ ಬಂತು. ಗಲಾಟೆ ಇಲ್ಲದೆ ಸರಿ ಮಾಡಿದ್ರು. ಕೊನೇಲಿ ಹೊರಗಿನಿಂದ ಒಬ್ಬರು ಬಂದು ನಾವು ಮಕ್ಕಳ ಜೊತೆ ಕೆಲಸ ಮಾಡೋದನ್ನ ಕೂತು ನೋಡ್ತಾರೆ, ಆಮೇಲೆ ಪೋರ್ಟ್‌ಫೋಲಿಯೋ ಇಟ್ಕೊಂಡು ಮಾತಾಡಿಸ್ತಾರೆ. ಅವ್ರು ನೋಡೋಕೆ ಬಂದ ದಿನ ನನ್ನ ಗುಂಪಿನ ಒಂದು ಮಗು "ಶಿಪ್" ಬರೆಯೋಕೆ ಪೂರ್ತಿ ಒಂದೂವರೆ ನಿಮಿಷ ತಗೊಂತು, ನಾನು ಏನೂ ಮಾಡದೆ ಕೂತಿದ್ದೆ. ಆಮೇಲೆ ಅವ್ರು ಕೇಳಿದ ಮೊದಲನೇ ಪ್ರಶ್ನೆ, ಆ ಒಂದೂವರೆ ನಿಮಿಷ ನೀವು ಏನ್ ಯೋಚನೆ ಮಾಡ್ತಿದ್ರಿ ಅಂತ. ಮನಸ್ಸಲ್ಲಿ ಎಣಿಸ್ತಿದ್ದೆ, ಕನ್ನಡದಲ್ಲಿ, ತೊಂಬತ್ತರವರೆಗೆ, ಅಂದೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದ್ರು. ಹಾಸನದ ಕಡೆ ಆಂಟಿ ಒಬ್ಬರು, "ಮಕ್ಕಳಿಗೆ ಊಟ ತಿನ್ನಿಸ್ಬಹುದಾ?" ಅಂದ್ರು. ಇಲ್ಲ ಆಂಟಿ, ರಿಸೆಪ್ಷನ್ನಿಂದ ಇಯರ್ ಟೂವರೆಗೆ ಎಲ್ಲ ಮಕ್ಕಳಿಗೂ ಸ್ಕೂಲಲ್ಲೇ ಫ್ರೀ ಊಟ, 2014ರಿಂದ, ಒಂಥರಾ ನಮ್ಮ ಬಿಸಿಯೂಟಾನೇ, ಆದ್ರೆ ಅವ್ರೇ ಫೋರ್ಕ್ ಹಿಡಿದು ತಿನ್ಬೇಕು, ಕಿತ್ತಳೆ ಸಿಪ್ಪೆ ಸುಲಿಯೋಕೆ ಶುರು ಮಾಡಿಕೊಡಬಹುದು ಅಷ್ಟೆ. ಮನೆಯಿಂದ ಚಕ್ಕುಲಿ ತಂದು ಹಂಚೋ ಹಾಗೂ ಇಲ್ಲ, ಯಾವ ಮಗುವಿಗೆ ಯಾವ ಅಲರ್ಜಿ ಅಂತ ಅಡುಗೆಮನೆ ಗೋಡೆ ಮೇಲೆ ಫೋಟೋ ಸಮೇತ ಹಾಕಿರ್ತಾರೆ. ಆಂಟಿಗೆ ಬೇಜಾರಾಯ್ತು.

ಕೊನೇಲಿ ಒಂದು ಹುಡುಗಿ, ಜನವರೀಲಿ ಸೇರ್ತಿದಾಳಂತೆ, ಮೊದಲನೇ ದಿನ ಏನ್ ತಗೊಂಡು ಹೋಗ್ಲಿ ಅಕ್ಕ ಅಂತ ಕೇಳಿದ್ಲು. ಜೇಬಿರೋ ಪ್ಯಾಂಟ್ ಹಾಕ್ಕೋ, ಜೇಬಲ್ಲಿ ಟಿಶ್ಯೂ ತುಂಬ್ಕೋ. ಮೊನಚಾದ ಉಂಗುರ, ಗಾಜಿನ ಬಳೆ ಮನೇಲಿ ಬಿಚ್ಚಿಡು, ಕರಿಮಣಿ ಸರ ಇದ್ರೆ ಟೀ ಶರ್ಟ್ ಒಳಗೆ ಹಾಕ್ಕೋ, ಮಕ್ಕಳು ಜೋತು ಬೀಳ್ತಾರೆ. ನೀರಲ್ಲಿ ತೊಳೆಯೋಕಾಗೋ ಶೂ ತಗೋ, ಎರಡು ಜೊತೆ.